ಹನ್ನೆರಡು ಯೂರೋ ಚಾಕು

ಆಂಬೇರಿನ ಗುರುವಾರದ ಸಂತೆಯಲ್ಲಿ ನನ್ನದು ಕೊನೆಯ ಮೇಜು,
ಚೀಸಿನವನ ಘಮಲಿಗೂ ಚರಂಡಿಗೂ ನಡುವೆ.
ಕೊಡೆ, ಬೆಲ್ಟು, ಇಲಿಬೋನು,
ಹಸಿರು ಬಟ್ಟೆಯ ಮೇಲೆ ನಲವತ್ತು ಮಡಚುಚಾಕು.
ಯಾವುದೇ ಎತ್ತಿಕೊಳ್ಳಿ, ಹನ್ನೆರಡು ಯೂರೋ.

ಆಕೆ ಬಂದಾಗ ಮಂಜು ಇನ್ನೂ ಹರಿದಿರಲಿಲ್ಲ.
ಹೆಸರು ಜಿಲ್ಬೆರ್ತ್ ಎಂದು ಆಮೇಲೆ ತಿಳಿಯಿತು.
ಬಲಗೈ ಹೆಬ್ಬೆರಳ ಉಗುರು ಎಂದೋ ಸೀಳಿ
ಹಾಗೇ ಬೆಳೆದಿತ್ತು, ಗೊರಸಿನಂತೆ.
"ಮೊಮ್ಮಗನಿಗೆ. ಹತ್ತು ತುಂಬಿತು," ಎಂದಳು.
ಕನ್ನಡಕ ತೆಗೆದು ಜೇಬಿಗಿಟ್ಟಳು.
ನೋಡಲು ಬಂದವರು ಕನ್ನಡಕ ಹಾಕಿಕೊಳ್ಳುತ್ತಾರೆ;
ನನಗೆ ಆಗಲೇ ಅಳುಕು.

ಅಲಗಿನ ಮಿಂಚಿಗೆ ಮರುಳಾಗಲಿಲ್ಲ,
ಬೆನ್ನ ಮೇಲೆ ಒತ್ತಿದ ಜೇನುನೊಣಕ್ಕೂ ಇಲ್ಲ.
ಕಲ್ಲಂಗಡಿ ತಟ್ಟಿ ಕೇಳುವವರಂತೆ
ಒಂದೊಂದನ್ನೇ ಕಿವಿಯ ಬಳಿ ಹಿಡಿದು ತೆರೆದಳು.
ಮೊದಲನೆಯದು ಕಿರ್ರೆಂದಿತು.
ಎರಡನೆಯದು ಏನೂ ಅನ್ನಲಿಲ್ಲ.
"ಸತ್ತ ಸ್ಪ್ರಿಂಗು," ಎಂದು ಮೆಲ್ಲಗೆ ಮಲಗಿಸಿದಳು.
ಮೂರನೆಯದು ಉಗುರು ಕಿತ್ತುಬರುವಷ್ಟು ಬಿಗಿ.
"ಬಿಗಿಯಿದ್ದರೆ ಗಟ್ಟಿ ಅಂದುಕೊಳ್ಳುತ್ತಾರೆ ಗಂಡಸರು.
ಎಣ್ಣೆ ಕಾಣದ ಬಾಗಿಲೂ ಬಿಗಿಯೇ."

ಮಡಚಿ ಆಕಾಶಕ್ಕೆ ಹಿಡಿದಳು:
ಸ್ಪ್ರಿಂಗಿಗೂ ಹಿತ್ತಾಳೆ ತಗಡಿಗೂ ನಡುವೆ
ಬೆಳಕು ತೂರಿ ಬಂದರೆ, ಬದಿಗೆ.
ತೆರೆದ ಅಲಗನ್ನು ಎರಡು ಬೆರಳಲ್ಲಿ ಅಲುಗಿಸಿದಳು,
ಹಾಲುಹಲ್ಲು ಮುಟ್ಟಿ ನೋಡುವ ಹಾಗೆ.
ಅಲುಗಿದ್ದು, ಬದಿಗೆ.
ಹಿಡಿಯ ಅಂಚನ್ನು ಕೆನ್ನೆಗೆ ಉಜ್ಜಿಕೊಂಡಳು;
ಗೆರೆ ಎಳೆದದ್ದು, ಬದಿಗೆ.

ನನ್ನ ನಲವತ್ತು ಹನ್ನೊಂದಕ್ಕಿಳಿಯಿತು.
ಸಾಲದ್ದಕ್ಕೆ ಜನ ಬೇರೆ ಸೇರಿದ್ದರು.

"ಅಮ್ಮಾ, ಹನ್ನೆರಡು ಯೂರೋಗೆ ಇಷ್ಟು ಪರೀಕ್ಷೆಯೆ?
ತಿಯೇರಿನ ಅಂಗಡಿಯಲ್ಲಿ ನೂರೈವತ್ತು ಎಣಿಸಿದರೆ..."

"ಅದಕ್ಕೆ ಪೆಟ್ಟಿಗೆಯಿದೆ, ಮುದ್ರೆಯ ಕಾಗದವಿದೆ.
ಕಣ್ಣು ಬೇಕಾದ್ದು ಅಗ್ಗದ್ದಕ್ಕೆ.
ಅಗ್ಗವೆಲ್ಲ ಮುಗ್ಗಲಲ್ಲ, ಹುಡುಗಾ.
ನನ್ನಪ್ಪ ದ್ಯುರೋಲ್ ಹೊಳೆಯ ಮೇಲೆ
ಹಲಗೆಗೆ ಬೋರಲು ಬಿದ್ದು ಸಾಣೆ ಹಿಡಿಯುತ್ತಿದ್ದ,
ಚಳಿಗೆ ಕಾಲ ಮೇಲೆ ನಾಯಿ.
ನಾನು ಅಡುಗೆಮನೆಯ ಮೇಜಲ್ಲಿ ಮೂವತ್ತೊಂದು ವರ್ಷ
ಜೋಡಿಸಿದೆ, ಡಜನ್ನಿಗಿಷ್ಟು ಅಂತ.
ರಿವೆಟ್ಟಿಗೆ ಇನ್ನೆರಡು ಪೆಟ್ಟು ಬೇಕೆಂದು ಕೈಗೆ ಗೊತ್ತು.
ಹೊಡೆಯುತ್ತ ಕೂತರೆ ಸಂಜೆಗೆ ಒಂದು ಬ್ರೆಡ್ಡು ಕಡಿಮೆ.
ಹೊಡೆದದ್ದೂ ಉಂಟು. ಬಿಟ್ಟದ್ದೂ ಉಂಟು."
ಬದಿಗಿಟ್ಟ ರಾಶಿಯಿಂದ ಒಂದನ್ನು ಎತ್ತಿ,
"ಇದು ಸಂಜೆಯದು," ಎಂದಳು,
ಬಯ್ಯುವ ದನಿಯಲ್ಲಲ್ಲ.

ಉಳಿದವುಗಳಲ್ಲಿ ಒಂದು ನನಗೇ ನಾಚಿಕೆ:
ಹೆಸರಿಲ್ಲದ ಕಟ್ಟಿಗೆಗೆ ಬಳಿದ ಬಣ್ಣ,
ಮಡಚಿದರೆ ಅಲಗು ಕೂದಲೆಳೆ ಎಡಕ್ಕೆ.
ಸರಿಸಲು ಕೈ ಚಾಚಿದೆ. ತಡೆದಳು.
ತೆರೆದಳು. ಅರ್ಧದಲ್ಲಿ ನಿಂತು, ಟಕ್.
ಪೂರ್ತಿ ಬಂದು, ಠಕ್.
ಚೀಸಿನವನೂ ತಿರುಗಿ ನೋಡಿದ.

ಅಲಗು ಮಲಗುವ ತೋಡಿನೊಳಗೆ
ಕಿರುಬೆರಳು ತೂರಿಸಿ ಸವರಿದಳು.
ಯಾರೂ ನೋಡದ ಒಳಮೈ; ಅರದ ಗೀರಿಲ್ಲ.
ಚೀನಾವೋ ವಜೀರಾಬಾದೋ,
ಡಬ್ಬಿಯ ಮೇಲೆ ಬರೀ ಒಂದು ನಂಬರು.
ಅಲ್ಲೆಲ್ಲೋ ಒಬ್ಬರು, ಯಾರೂ ಹೇಳದೆ,
ಕೂಲಿ ಸಿಗದ ಎರಡು ನಿಮಿಷ ಉಜ್ಜಿದ್ದರು.
"ಹೆಂಗಸು," ಎಂದಳು.
ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.

"ವಾಲಿದೆಯಲ್ಲ?"
"ವಾಲಿದರೇನು, ಗೋಡೆಗೆ ತಾಗುತ್ತಿಲ್ಲ.
ನನ್ನ ಗಂಡನೂ ಹೀಗೇ ನಡೆಯುತ್ತಿದ್ದ."

ಹನ್ನೆರಡು ಎಣಿಸಿದಳು. ಮೇಲೊಂದು ತಾಮ್ರದ ಬಿಲ್ಲೆ.
"ಪುಕ್ಕಟೆ ಚಾಕು ನಂಟು ಕಡಿಯುತ್ತದೆ,
ಒಂದು ಬಿಲ್ಲೆಯಾದರೂ ಕೊಡಬೇಕು.
ಆ ಎರಡು ನಿಮಿಷ ಪುಕ್ಕಟೆ ಬಂದಿದೆ.
ಇದು ನಿನಗಲ್ಲ, ಅವಳಿಗೆ."

ಎಲ್ಲಿಗೆ ಕಳಿಸಲಿ? ಇಲಿಬೋನಿನ ಡಬ್ಬಿಯಲ್ಲಿದೆ.
ಮೂವತ್ತೊಂಬತ್ತನ್ನೂ ಮತ್ತೆ ಸಾಲಿಗಿಟ್ಟೆ,
ಸಂಜೆಯವನ್ನೂ, ಸತ್ತವನ್ನೂ.
ಯಾವುದೇ ಎತ್ತಿಕೊಳ್ಳಿ ಎಂದು ಕೂಗಲು ಹೋಗಿ
ದನಿ ಅರ್ಧದಲ್ಲಿ
ಟಕ್ ಎಂದು ನಿಂತಿತು.